ಸಾಧು ಬೆಕ್ಕಿನ ಬಾಲ

ವಾರಿಜಮ್ಮನ ಮನೆಯಲ್ಲಿ ಹುಟ್ಟಿನಿಂದಲೇ ಕಿವಿ ಮಡಿಚಿರುವ ತಳಿಯ ಬೆಕ್ಕೊಂದಿತ್ತು. ಅದು ಕಪಾಟು ಹತ್ತುತ್ತಿರಲಿಲ್ಲ, ಹಾಲಿನ ಪಾತ್ರೆಗೆ ನೆಗೆಯುತ್ತಿರಲಿಲ್ಲ. ಹಾಗಾಗಿ, ಅಂದರೆ ನೆಗೆಯದ ಕಾರಣಕ್ಕೇ, ಎಲ್ಲರೂ ಅದನ್ನು ಸಾಧು ಎಂದು ಹೊಗಳುತ್ತಿದ್ದರು.

ಒಂದು ದಿನ ಬೀದಿಯ ಮುದಿ ಬೆಕ್ಕು ಕಾಂಪೌಂಡಿನ ಮೇಲಿಂದ ಕರೆಯಿತು: “ಮೇಲೆ ಬಾರೇ, ಮಹಾರಾಣಿ!”

“ನಾನು ನೆಗೆಯುವುದಿಲ್ಲ ಅಜ್ಜಿ. ನಾನು ಸಾಧು.”

“ಸಾಧುತನವೋ, ಕಾಲುನೋವೋ? ಬಾಲವನ್ನಾದರೂ ಬಳುಕಿಸು, ನೋಡೋಣ.”

ಬಾಲ ಕೋಲಿನಂತೆ ಬಿಗಿದಿತ್ತು, ಬಳುಕಲಿಲ್ಲ.

“ನಿನ್ನಮ್ಮ ಹೇಗಿದ್ದಳು?”

“ಇದೇ ಕಿವಿ. ನನಗಿಂತ ಸಾಧು. ಕೊನೆಕೊನೆಗೆ ಅನ್ನದ ತಟ್ಟೆಯವರೆಗೂ ನಡೆಯುತ್ತಿರಲಿಲ್ಲ.” ಹೇಳುತ್ತ ಹೇಳುತ್ತ ಅದರ ದನಿ ಕುಗ್ಗಿತು.

“ಕಿವಿಯನ್ನು ಮಡಿಚಿದ ದೋಷವೇ ಕೀಲುಗಳಲ್ಲೂ ಇದೆ, ಮಗಳೇ. ಮನೆಯವರಿಗೆ ತಿಳಿಸು.”

“ತಿಳಿಸಿದರೆ ಮುದ್ದು ಕಡಿಮೆಯಾದೀತು.”

“ನಿನ್ನಮ್ಮನಿಗೆ ಮುದ್ದು ಕಡಿಮೆಯಾಗಿತ್ತೇ? ಆ ಮುದ್ದಿನಿಂದ ಅವಳ ನೋವು ಹೋಯಿತೇ?”

ಮರುದಿನ ವಾರಿಜಮ್ಮ ಬಾಲ ನೇವರಿಸಿದಾಗ ಸಾಧು ಬೆಕ್ಕು ಮೊದಲ ಸಲ ಪರಚಿತು. ಅದು ಸಿಟ್ಟಲ್ಲ, ನೋವನ್ನು ಹೇಳಲು ಅದಕ್ಕೆ ಬೇರೆ ಭಾಷೆ ಇರಲಿಲ್ಲ. ವಾರಿಜಮ್ಮ ಬೆಚ್ಚಿದರು. ಬಿಗಿದ ಬಾಲವನ್ನೂ ಊದಿದ ಕಾಲನ್ನೂ ಆಗಲೇ ಅವರು ಸರಿಯಾಗಿ ನೋಡಿದ್ದು.

ಬೆಕ್ಕಿಗಿದ್ದ ಸಾಧು ಎಂಬ ಹೆಸರು ಹೋಯಿತು. ಸಂಜೆಯೊಳಗೆ ವೈದ್ಯರು ಸಿಕ್ಕರು.