ಕಣ್ಮುಚ್ಚಯ್ಯನ ಮುಂದೆ ದೀಪವೇಕಿಲ್ಲ

ಉರಿ ಹಚ್ಚಿದ ಕೈಯೂ ಅದೇ, ಉರಿಯನ್ನು ಕೊಂದ ಕೈಯೂ ಅದೇ. ಬೆರಳು ಕತ್ತರಿಸಬೇಕೆಂದರೆ ಯಾವ ಬೆರಳು? ಹೇಳಿ ನೋಡೋಣ. ಭಕ್ತಾದಿಗಳೇ, ಸುಮ್ಮನೆ ತಲೆ ಕೆರೆದುಕೊಳ್ಳಬೇಡಿ. ಘಟಾನುಘಟಿ ಪಂಡಿತರೇ ಈ ಒಗಟಿಗೆ ಸೋತು ಬಂದ ದಾರಿಯಲ್ಲೇ ಬೆಟ್ಟ ಇಳಿದಿದ್ದಾರೆ. ಆದಕಾರಣ ಚಪ್ಪಲಿ ಅಲ್ಲೇ ಬಿಟ್ಟು, ಬಂಡೆಯ ನೆರಳಿನಲ್ಲಿ ಕುಳಿತು, ಈ ಕ್ಷೇತ್ರದ ಮಹಿಮೆಯನ್ನು ಸಾವಧಾನಚಿತ್ತದಿಂದ ಆಲಿಸುವುದು.

ಪೂರ್ವಕಾಲದಲ್ಲಿ, ಯಾವ ಯುಗವೆಂದರೆ ತ್ರೇತೆಯೆನ್ನುವವರು ಕೆಲವರು, ದ್ವಾಪರವೆನ್ನುವವರು ಕೆಲವರು, ಒಟ್ಟಿನಲ್ಲಿ ಬೆಂಕಿಪೊಟ್ಟಣ ಇನ್ನೂ ಹುಟ್ಟಿರದ ಯುಗದಲ್ಲಿ, ವೇಣುವನಪರಿವೃತವೂ ಗಜವ್ಯಾಘ್ರಸೇವಿತವೂ ಬಿಲ್ವಾಮಲಕಾದಿವೃಕ್ಷಸಂಕುಲಶೋಭಿತವೂ ಆದ ಈ ಗಿರಿಯಲ್ಲಿ ಬೇದೇಗೌಡನೆಂಬ ಉರಿಗಾವಲಿನವನು ಇದ್ದನು. ಎಲೆ ಉದುರಿ, ಆನೆಯೆತ್ತರದ ಹುಲ್ಲು ಒಣಗಿ ಹಪ್ಪಳವಾದೊಡನೆ ಕಾವಲುಬಂಡೆ ಏರಿದವನು, ಮೊದಲ ಮಳೆಯ ಹನಿ ಮೂಗಿನ ಮೇಲೆ ಬೀಳುವ ತನಕ ಮನೆಯ ಕಡೆ ತಲೆ ಹಾಕುವಂತಿರಲಿಲ್ಲ. ಬೆಟ್ಟದ ಸೊಂಟಕ್ಕೆ ಉಡಿದಾರ ಕಟ್ಟಿದ ಹಾಗೆ, ತರಗೆಲೆ ಗುಡಿಸಿ ಬರಿನೆಲ ಮಾಡಿದ ಗೆರೆಯೊಂದಿತ್ತು. ಕೆಳಗಿಂದ ಬಂದ ಉರಿ ಅಲ್ಲಿ ತಿನ್ನಲು ಏನೂ ಸಿಗದೆ ಹಸಿದು ಸಾಯಬೇಕು. ಗೆರೆಯನ್ನು ಚೊಕ್ಕವಾಗಿಡುವುದೂ, ದಾಟಿ ಬಂದ ಕಿಡಿಯನ್ನು ಹಸಿಸೊಪ್ಪಿನ ಕೊಂಬೆಯಿಂದ ಬಡಿದು ಆರಿಸುವುದೂ ಬೇದೇಗೌಡನ ಕೆಲಸ.

ಕೆಲಸಕ್ಕೆ ನಿಲ್ಲುವಾಗ ಗೆರೆಯ ಪಕ್ಕದ ಬೆಟ್ಟದಯ್ಯನ ಬಂಡೆ ಮುಟ್ಟಿ ಆಣೆ ಇಡಬೇಕಿತ್ತು: "ಈ ಬೆಟ್ಟದಾಗೆ ನನ್ ಕೈಯಿಂದ ಒಂದ್ ಕಿಡಿ ಬಿದ್ರೂ ನನ್ ಎಲ್ಡು ಕಣ್ಣೂ ನಿಂದು." ಈ ಆಣೆಗೆ ಬೇದೇಗೌಡ ಎಷ್ಟು ಹೆದರಿದ್ದನೆಂದರೆ, ಬೇಸಿಗೆ ಪೂರ್ತಿ ಗೆಡ್ಡೆಯನ್ನು ಹಸಿಯಾಗಿಯೇ ಕಡಿಯುತ್ತಿದ್ದನು, ಕಲ್ಲಿಗೆ ಕಲ್ಲು ತಾಗಿದರೆ ಬೆಚ್ಚಿ ಕಣ್ಣು ಮುಟ್ಟಿ ನೋಡಿಕೊಳ್ಳುತ್ತಿದ್ದನು.

ಇಂಥವನ ಗೆರೆಯ ಮೇಲೆಯೇ, ಬೇಡವೆಂದರೂ ಕೇಳದೆ, ಧೂಮಕೇಶನೆಂಬ ಮಹರ್ಷಿಯು ಅಗ್ನಿದೇವನ ಸಾಕ್ಷಾತ್ಕಾರಾರ್ಥವಾಗಿ ಹೋಮಕುಂಡ ಹೂಡಿ, ತುಪ್ಪ ಹೊಯ್ಯುತ್ತ, ಕೆಮ್ಮುತ್ತ, ಹೊಗೆಯನ್ನೇ ದಿಟ್ಟಿಸುತ್ತ ತಪೋನಿರತನಾಗಿದ್ದನು.

ಒಂದು ಮಟಮಟ ಮಧ್ಯಾಹ್ನ, ಬೆಟ್ಟದ ನೆತ್ತಿಯ ಮೇಲಿನ ಪೋಡಿನಿಂದ, ಅಂದರೆ ಹುಲ್ಲುಗುಡಿಸಲುಗಳ ಆ ಪುಟ್ಟ ಹಟ್ಟಿಯಿಂದ, ಬೇದೇಗೌಡನ ಅತ್ತೆ ಕೇತಮ್ಮ ಏದುಸಿರು ಬಿಡುತ್ತ ಇಳಿದು ಬಂದಳು.

"ಅಳಿಯಪ್ಪಾ! ನಮ್ ಮಾದಿ ಹೆತ್ತವ್ಳೆ ಕನಪ್ಪಾ, ಗಂಡು! ಮೂಗು ಮಾತ್ರ ನಿಂದೇಯ, ಏನ್ ಮಾಡದು."

"ಮಾದಿ ಹೆಂಗವ್ಳೆ ಅತ್ತೆ?"

"ಎದ್ದು ಕೂರಕೂ ಆಗ್ದು. ಬಾ, ಮಗಾನ ಮೊಕ ನೋಡ್ಕಂಡು ಓಡ್ ಬಂದ್ಬುಡು."

ಬೇದೇಗೌಡ ಒಂದು ಹೆಜ್ಜೆ ಮೇಲಕ್ಕಿಟ್ಟನು. ಅಷ್ಟರಲ್ಲಿ ಕೆಳಗಿನ ಕಣಿವೆಯಿಂದ ಢಮಾರೆಂದು ಬಿದಿರು ಸಿಡಿದ ಸದ್ದು. ತಿರುಗಿದರೆ, ಗಾಳಿಗೆ ಬಿದಿರು ಬಿದಿರು ಉಜ್ಜಿ ಹುಟ್ಟಿದ ಕಾಳ್ಗಿಚ್ಚು ನಭೋಮಂಡಲಚುಂಬಿತಜ್ವಾಲಾಮಾಲೆಗಳಿಂದ, ಎಂದರೆ ಮರದುದ್ದ ಎದ್ದು, ಬೆಟ್ಟ ಹತ್ತಿ ಬರುತ್ತಿದೆ. ಕೇತಮ್ಮ ಮಗಳ ಬಳಿಗೆ ಮೇಲಕ್ಕೆ ಓಡಿದಳು. ಬೇದೇಗೌಡ ಸೊಪ್ಪು ಮುರಿದುಕೊಂಡು ಗೆರೆಗೆ ಓಡಿದನು.

ಅಲ್ಲಿ ಧೂಮಕೇಶ ಎದ್ದು ನಿಂತು ಎರಡೂ ಕೈ ಚಾಚಿದ್ದನು. "ಬಂದೆಯಾ ಹವ್ಯವಾಹನಾ! ಕೊನೆಗೂ ಬಂದೆಯಾ!"

ಬಿದಿರ ಗೆಣ್ಣು ಸಿಡಿದ ಹಾಗೆಲ್ಲ ಕಿಡಿಗಳು ಗೆರೆ ದಾಟಿ ಬೀಳತೊಡಗಿದವು. ಬೇದೇಗೌಡ ಬಡಿದನು, ಬಡಿದನು.

"ಎಲಾ ಪಾಪಿ! ಪ್ರತ್ಯಕ್ಷನಾದ ದೇವರನ್ನು ಸೊಪ್ಪಿನಲ್ಲಿ ಬಡಿಯುತ್ತೀಯಾ?"

"ದೇವ್ರಾದ್ರೆ ನನ್ ಮಗಾನ ತಿನ್ನಕ್ಯಾಕ್ ಬತ್ತದೆ ಸ್ವಾಮಿ?"

ಋಷಿ ಕೈಯಲ್ಲಿದ್ದ ತುಪ್ಪವನ್ನು ಹೊಯ್ಯಬೇಕೋ ಬಚ್ಚಿಡಬೇಕೋ ತಿಳಿಯದೆ ಹಾಗೆಯೇ ನಿಂತನು.

ಗೆರೆ ಸಾಲದು, ಸೊಪ್ಪು ಸಾಲದು. ಎದುರುರಿ ಎಂಬ ಉಪಾಯವೊಂದನ್ನು ಹಿರಿಯರು ಹೇಳುತ್ತಿದ್ದರು: ಉರಿ ಬರುವ ದಾರಿಯ ಹುಲ್ಲನ್ನು ಈ ಕಡೆಯಿಂದ ನಾವೇ ಸುಟ್ಟರೆ, ಬಂದ ಉರಿಗೆ ತಿನ್ನಲು ಬೂದಿಯೇ ಗತಿ. ಆದರೆ ಯಾವಾಗ ಹಚ್ಚಬೇಕು? ಮುಂಚೆ ಹಚ್ಚಿದರೆ ಗಾಳಿ ಅದನ್ನೇ ಎತ್ತಿ ಪೋಡಿಗೆ ಒಯ್ಯುತ್ತದೆ, ತಡವಾದರೆ ಹಚ್ಚಿದವನೇ ಬೇಯುತ್ತಾನೆ. ಅದಕ್ಕಿಂತ ಮೊದಲು, ಹಚ್ಚಬಹುದೇ? ಹಚ್ಚಿದರೆ ಕಣ್ಣು ಹೋಗುತ್ತದೆ; ಹಚ್ಚದಿದ್ದರೆ ನೋಡಲಿಕ್ಕೆ ಮುಖವೇ ಉಳಿಯುವುದಿಲ್ಲ. ಬೇದೇಗೌಡ ಹೋಮಕುಂಡದ ಕೊಳ್ಳಿಯನ್ನು ಎತ್ತಿದನು, ಇಟ್ಟನು, ಮತ್ತೆ ಎತ್ತಿದನು.

"ಈಗ ತಾನೇ ಬಡಿದೆ, ಈಗ ಹಚ್ಚುತ್ತೀಯಾ? ನಿನ್ನ ತಲೆ ನೆಟ್ಟಗಿದೆಯೇನಯ್ಯಾ?"

"ನಂಗೂ ಅದೇ ಅನ್ಮಾನ ಸ್ವಾಮಿ."

ಆಗ ಋಷಿಯ ದೃಷ್ಟಿ ಅಭ್ಯಾಸಬಲದಿಂದ ಕುಂಡದ ಹೊಗೆಯ ಮೇಲೆ ಬಿತ್ತು. ಬೆಳಗಿನಿಂದ ನೆತ್ತಿಯ ಕಡೆಗೆ ವಾಲುತ್ತಿದ್ದ ಹೊಗೆ ಈಗ ಬಾಗಿ, ಇಳಿಜಾರಿನಲ್ಲಿ ಉರಿಯ ಕಡೆಗೇ ತೆವಳುತ್ತಿತ್ತು.

"ಗೌಡಾ, ಉರಿ ಉಸಿರನ್ನು ಒಳಗೆ ಎಳೆಯುತ್ತಿದೆ! ಹೊಗೆ ಕೆಳಗೆ ಹೋಗುತ್ತಿದೆ ನೋಡು!"

"ಹಂಗಂದ್ರೆ ಹಚ್ಬೋದಾ?"

"ನನಗೇನು ಗೊತ್ತು! ಹಚ್ಚು!"

ಬೇದೇಗೌಡ ಪೋಡಿನ ದಾರಿಯನ್ನು ಒಮ್ಮೆ ಕಣ್ತುಂಬ ನೋಡಿ, ಹುಲ್ಲಿಗೆ ಕೊಳ್ಳಿ ಇಟ್ಟನು. ಹೊಸ ಉರಿ ಮೇಲಕ್ಕೆ ಬಾರದೆ, ಯಾರೋ ಸೆರಗು ಹಿಡಿದು ಎಳೆದಂತೆ ಕೆಳಕ್ಕೆ ಓಡಿತು. ಹಿಂದೆ ಬಿದ್ದ ಕಿಡಿಗಳನ್ನು ಇವನು ಸೊಪ್ಪಿನಿಂದ ಬಡಿದರೆ, ಧೂಮಕೇಶನು ಕೂತಿದ್ದ ಕೃಷ್ಣಾಜಿನವನ್ನೇ ಎತ್ತಿ, "ಕ್ಷಮಿಸು ಸ್ವಾಮೀ, ಕ್ಷಮಿಸು ಸ್ವಾಮೀ" ಎಂದು ಬೇಡುತ್ತಲೇ ದಬದಬ ಬಡಿದನು. ಎರಡು ಉರಿಗಳು ಟಗರುಗಳಂತೆ ಡಿಕ್ಕಿ ಹೊಡೆದು, ಆಕಾಶಕ್ಕೆ ನೆಗೆದು, ತಿನ್ನಲು ಒಂದು ಕಡ್ಡಿಯೂ ಇಲ್ಲದೆ ಕುಸಿದು ಬಿದ್ದವು.

ಹೊಗೆಯೋ ಹೊಗೆ. ಬೇದೇಗೌಡನಿಗೆ ತನ್ನ ಕೈಯೇ ಕಾಣದು. ಕಣ್ಣೊಳಗೆ ಮೆಣಸಿನಪುಡಿ ಎರಚಿದಂತೆ ಉರಿ. ಅಯ್ಯ ಆಣೆ ವಸೂಲಿಗೆ ಬಂದೇಬಿಟ್ಟನೆಂದು ತಡವರಿಸಿ, ಕೈಗೆ ಸಿಕ್ಕ ಬಂಡೆಯನ್ನು ತಬ್ಬಿದನು. "ನಿಂದು ನಿಂಗೇ ಅಯ್ಯಾ, ಇಲ್ಲ ಅನ್ನಕಿಲ್ಲ. ಒಂದ್ ದಪ ಮಗಾನ ಮೊಕ ನೋಡ್ಕಂಡ್ ಬತ್ತೀನಿ, ಆಮ್ಯಾಕೆ ತಕೋ."

ಆಗ ಬಂಡೆಯೊಳಗಿನಿಂದ ಮೇಘಗಂಭೀರವಾದ ದಿವ್ಯವಾಣಿ ಮೊಳಗಿತು: "ಎಲೈ ಬೇದೇಗೌಡನೇ, ನೀನು ಹಚ್ಚಿದೆಯೋ ಆರಿಸಿದೆಯೋ ಎಂದು ಸಮಸ್ತ ಲೋಕಗಳಲ್ಲಿ ವಿಚಾರಿಸಿದೆನು, ಒಬ್ಬರು ಹೇಳಿದಂತೆ ಇನ್ನೊಬ್ಬರು ಹೇಳಲಿಲ್ಲ. ನಿನ್ನ ಕೈಯಿಂದ ಕಿಡಿ ಬಿದ್ದುದನ್ನು ನಾನು ಕಂಡರೆ ನಿನ್ನ ಕಣ್ಣು ಕೀಳಲೇಬೇಕು. ಆದ್ದರಿಂದ ನಾನು ಕಾಣಲಿಲ್ಲ. ಇಗೋ, ನನ್ನ ಕಣ್ಣು ಮುಚ್ಚಿದೆನು. ಇನ್ನು ಯಾರೂ ನನ್ನ ಮುಂದೆ ದೀಪ ಹಚ್ಚಿ, ಕಂಡೆಯಾ ಎಂದು ಕೇಳದಿರಲಿ. ಹೋಗು, ಮಗು ಅಳುತ್ತಿದೆ."

ಬಂಡೆಯ ಮೇಲೆ ರೆಪ್ಪೆ ಇಳಿಬಿಟ್ಟಂತೆ ಎರಡು ಉಬ್ಬುಗಳನ್ನು ಇಂದಿಗೂ ಕಾಣಬಹುದು. ಕಣ್ಮುಚ್ಚಯ್ಯನಿಗೆ ದೀಪವಿಲ್ಲ, ಕರ್ಪೂರವಿಲ್ಲ, ಊದುಬತ್ತಿಯೂ ಇಲ್ಲ. ಎಲೆ ಉದುರುವ ಕಾಲಕ್ಕೆ ಬಂದ ಭಕ್ತರ ಕೈಗೆ ಒಂದೊಂದು ಸೊಪ್ಪಿನ ಕೊಂಬೆ ಕೊಡುತ್ತಾರೆ. ಗೆರೆಯ ಮೇಲಿನ ತರಗು ಗುಡಿಸುವುದೇ ಇಲ್ಲಿಯ ಸೇವೆ, ಮೈಗೆ ಹತ್ತಿದ ಧೂಳೇ ಪ್ರಸಾದ.

ಇನ್ನೊಂದು ಮಾತು ಹೇಳದೆ ಮುಗಿಸಿದರೆ ಅಯ್ಯ ಕಣ್ಣು ಬಿಟ್ಟಾನು. ಪೋಡಿನ ಹಿರಿಯರು ಈ ಕಥೆಯನ್ನು ಹೊಗೆ ಕವಿದಲ್ಲಿಗೇ ನಿಲ್ಲಿಸುತ್ತಾರೆ. ಬೇದೇಗೌಡನ ಕಣ್ಣು ಏನಾಯಿತೆಂದು ಕೇಳಿದರೆ, "ಹೊಗೇಲಿ ಯಾರ್ಗ್ ಕಂಡದೆ, ಗುಡ್ಸು ನಡಿ" ಎನ್ನುತ್ತಾರೆ. ದಿವ್ಯವಾಣಿಯನ್ನು ಸೇರಿಸಿದ್ದು ನಾನು. ಬಂಡೆಯ ಕಣ್ಣು ಮುಚ್ಚಿರುವುದು ನಿಜ. ಏತಕ್ಕೆಂದು ಬಂಡೆ ಯಾರಿಗೂ ಹೇಳಿಲ್ಲ. ಅಷ್ಟೆಲ್ಲ ಬಡಿದಾಡಿ ಪೋಡಿಗೆ ಹೋದವನು ಮಗುವಿನ ಮೂಗು ತನ್ನದೇ ಎಂಬುದನ್ನು ಬೆರಳಿನಿಂದ ಸವರಿ ತಿಳಿಯಬೇಕಾಯಿತು ಎಂದು ಬರೆಯಲು ಮನಸ್ಸು ಬರಲಿಲ್ಲ, ಅಷ್ಟೇ.