ಟವಲ್ಲಿನ ಕೆಳಗಿನ ಕೈ

"ಕೇಳ್ರಪ್ಪೋ ಕೇಳಿ! ದಂಡನಾಯಕರು ಮೂರು ಒಗಟು ಹಾಕ್ತಾರೆ. ಬಿಡಿಸಿದೋರಿಗೆ ಕೇಳಿದ್ದು ಸಿಗ್ತದೆ. ತಪ್ಪಿದೋರಿಗೆ ತಲೆ ಉಳಿಯಲ್ಲ!" ಅಂತ ಊರೆಲ್ಲ ಡಂಗುರ ಹೊಡೆದ್ರು.

ರಾಜನ್ನ ಓಡಿಸಿ ಗದ್ದುಗೆ ಹತ್ತಿದ್ದ ದಂಡನಾಯಕ ಸಂತೆಗೆ ಸಿಪಾಯಿಗಳನ್ನ ನಿಲ್ಲಿಸಿ, ರಾಗಿಗೆ ತಾನೇ ದರ ಕಟ್ಟಿದ್ದ. ಈಗ ಊರಿಗೆ ಊರೇ ಉಪವಾಸ. ಕೋಟೆಗಳನ್ನ ಗೆದ್ದೋನು, ಪಾಪ, ಮುದ್ದೆ ಹತ್ರ ಸೋತಿದ್ದ. ಯಾಕೆ ಅಂತ ನೇರ ಕೇಳೋಕೆ ಮೀಸೆ ಅಡ್ಡ ಬಂತು. ಅದಕ್ಕೇ ಒಗಟು.

"ದರ ಇಳಿಸಿದೆ, ರಾಗಿ ಮಾಯ. ಕಾಲಿಲ್ಲದ್ದು ಎಲ್ಲಿಗೆ ನಡೀತು?"

"ಕಳ್ಳರು ಹೊತ್ಕೊಂಡು ಹೋದ್ರು" ಅಂದ ಕುದುರೆದಳದ ನಾಯಕ. ಕಳ್ಳರ ಮನೆಯೆಲ್ಲ ಆಗ್ಲೇ ಅಗೆದಾಗಿತ್ತು, ಒಂದು ಕಾಳೂ ಸಿಕ್ಕಿರಲಿಲ್ಲ. ತಲೆ ಹೋಯ್ತು.

"ಸಂತೆ ತುಂಬೇ ಇದೆ ಪ್ರಭು, ಕಾಣ್ತಿಲ್ಲ ಅಷ್ಟೆ" ಅಂದ ಖಜಾನೆ ಅಧಿಕಾರಿ. ಅವನದೂ ಹೋಯ್ತು.

ಆಮೇಲೆ ಬಂದೋನು ದನದ ಸಂತೆ ದಲ್ಲಾಳಿ ಮಾಳಿಂಗ. ಆ ದರಕ್ಕೆ ರಾಗಿ ಕೊಡಲ್ಲ ಅಂದಿದ್ದ ಅವನ ಅಕ್ಕ ಚನ್ನಾಜಮ್ಮ ಸೆರೆಮನೇಲಿದ್ಲು.

"ನೆಲದೊಳಗೆ, ಕಾಳು ಹೂತಿಡೋ ಹಗೇವಿಗೆ ಇಳೀತು ಬುದ್ಧಿ. ಬೆಳೆದ ಖರ್ಚೂ ಹುಟ್ಟದಿದ್ರೆ ಯಾರು ತಾನೇ ಹಗೇವು ತೆಗೀತಾರೆ?"

"ನನ್ನ ಆಜ್ಞೆಗೆ ಎಲ್ಲರೂ ಹೂಂ ಅಂದ್ರು. ಅಂದದ್ದು ಯಾಕೆ ಆಗ್ಲಿಲ್ಲ?"

"ಊಹೂಂ ಅನ್ನೋರನ್ನ ನೀವು ಉಳಿಸಿಲ್ಲವಲ್ಲ. ದಂಡಿನಲ್ಲಿ ಹೂಂ ಅಂದ್ರೆ ಕೆಲಸ ಆಗ್ತದೆ. ಸಂತೇಲಿ ಊಹೂಂ ಅಂದ್ಮೇಲೇನೇ ವ್ಯಾಪಾರ ಶುರು."

ದಂಡನಾಯಕನ ದನಿ ತಗ್ಗಿತು. "ಕೋಟೆ ಹಿಡಿದ ಈ ಕೈಗೆ ಸಿಗದೇ ಇರೋದು ಏನು?"

ಮಾಳಿಂಗ ಹೆಗಲ ಟವಲ್ ಚಾಚಿದ. "ಇದರ ಕೆಳಗೆ ಕೈ ಇಡಿ. ದನದ ದರ ನಾವು ಹಿಂಗೆ ಮರೇಲಿ ಬೆರಳಲ್ಲೇ ಹೇಳ್ಕೊಳೋದು. ಬೆರಳು ಹೆಚ್ಚಿದಷ್ಟೂ ದರ ಹೆಚ್ಚು."

ದಂಡನಾಯಕ ಕೈಯಿಟ್ಟೋನೇ ಗಬಕ್ಕಂತ ಮುಷ್ಟಿ ಹಿಡಿದ. ಮಾಳಿಂಗನ ಬೆರಳು ನಟನಟ ಅಂದ್ವು.

"ಅಯ್ಯೋ, ಹಿಡೀಬೇಡಿ ಬುದ್ಧಿ, ಮುಟ್ಟಿ! ಎರಡು ಕೈ ಒಪ್ಪಿದ್ರೆ ಹುಟ್ಟೋದು ದರ. ಮುಷ್ಟೀಲಿ ಅದು ಸಾಯ್ತದೆ."

ದಂಡನಾಯಕ ಮುಷ್ಟಿ ಸಡಿಲಿಸಿ ಕೇಳಿದ, "ಏನು ಬೇಕು?"

"ನಮ್ಮಕ್ಕ. ಅವಳ ಜೊತೆ ಸೆರೇಲಿರೋ ಬೆಳೆಗಾರರೆಲ್ಲ."

ಕರೆತಂದ್ರು. ಟವಲ್ಲಿನ ಕೆಳಗೆ ದಂಡನಾಯಕ, ರಾಗಿ ದರ ಅಂತ, ಚನ್ನಾಜಮ್ಮನ ಕೈಗೆ ಒಂದು ಬೆರಳಿಟ್ಟ.

"ಊಹೂಂ" ಅಂದ್ಲು.

ಸಿಪಾಯಿಗಳ ಕೈ ಕತ್ತಿಗೆ ಹೋಯ್ತು. ದಂಡನಾಯಕ ಅವರ ಕಡೆ ತಿರುಗಿ ಬೇಡ ಅಂತ ತಲೆಯಾಡಿಸಿದ. ಆಮೇಲೆ, ಮೆಲ್ಲಗೆ, ಇನ್ನೊಂದು ಬೆರಳು ಬಿಡಿಸಿದ.