ಬಾಳವ್ವನ ಕೋಣೆಯಲ್ಲಿ ಶಿವಯೋಗಿಗಳು ಕುಳಿತ ದಿನ

ಹಿರೇಕಣವಿಯ ಗುಡ್ಡದ ಮಠವೆಂದರೆ ಆ ಕಾಲದಲ್ಲಿ ಎರಡು ಕೋಣೆಯ ಮಣ್ಣಿನ ಮನೆ, ಒಂದು ಬಾವಿ, ಬಾವಿಯ ಮಗ್ಗುಲಿಗೆ ಕಾಯಿಪಲ್ಲೆಯ ನಾಲ್ಕು ಮಡಿ, ಇಷ್ಟೇ. ಪೂಜ್ಯ ಶ್ರೀ ಚಿದ್ಘನ ಶಿವಯೋಗಿಗಳು ಮೂವತ್ತು ವರ್ಷ ಅಲ್ಲಿಯೇ ನೆಲೆಸಿದ್ದರು. ಪ್ರಾತಃಕಾಲದ ಲಿಂಗಪೂಜೆ ಮುಗಿದೊಡನೆ ಕಾವಿಯ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ ಮಡಿಗೆ ಇಳಿಯುತ್ತಿದ್ದರು. ದಾಸೋಹದ ಸಾರಿಗೆ ಬೇಕಾದ ಬದನೆ, ಟೊಮೆಟೊ, ಮೆಂತ್ಯ ಎಲ್ಲವೂ ಅವರ ಕೈಯಲ್ಲೇ ಬೆಳೆಯುತ್ತಿದ್ದವು. ಮಾತು ಬಹಳ ಕಡಿಮೆ. ದರ್ಶನಕ್ಕೆ ಬಂದವರು ಕೆಲವೊಮ್ಮೆ ಒಂದು ಮಾತನ್ನೂ ಕೇಳದೆ ಪ್ರಸಾದ ಸ್ವೀಕರಿಸಿ ಗುಡ್ಡ ಇಳಿದುಹೋದದ್ದುಂಟು.

ಮಾರ್ಗಶಿರದ ಒಂದು ಮುಂಜಾನೆ, ಚಳಿಗಾಳಿ ಬೀಸುತ್ತಿರುವಾಗ, ಕೆಳಗಿನ ಊರಿನ ಬಾಳವ್ವ ಸೆರಗಿನ ಮರೆಯಲ್ಲಿ ಒಂದು ತಗಡಿನ ಡಬ್ಬಿ ಹಿಡಿದು ಗುಡ್ಡ ಹತ್ತಿ ಬಂದಳು. ಭಕ್ತಿಯಿಂದ ಬಂದವಳಲ್ಲ. ಹಣೆಯಲ್ಲಿ ವಿಭೂತಿ ಇರಲಿಲ್ಲ, ಪಾದಕ್ಕೆ ಎರಗಲೂ ಇಲ್ಲ. ಡಬ್ಬಿಯನ್ನು ಮಡಿಯ ಅಂಚಿಗೆ ಕುಕ್ಕಿ, "ನಿಮ್ಮ ಕೈ ಗುಣ ಚಲೋ ಐತಿ ಅಂತಾರ್ರೀ. ಇದು ಯಾಕ ಬೆಳಿಯವಲ್ದು ಹೇಳ್ರಿ," ಎಂದಳು.

ಬಾಳವ್ವ ಕೌದಿ ಹೊಲಿದು ಹೊಟ್ಟೆ ಹೊರೆಯುತ್ತಿದ್ದ ಹೆಣ್ಣುಮಗಳು. ಗಂಡ ತೀರಿ ಬಹಳ ವರ್ಷವಾಗಿತ್ತು. ಇದ್ದವಳು ಒಬ್ಬಳೇ ಮಗಳು, ತಂಗೆವ್ವ. ಹದಿನೆಂಟು ತುಂಬಿದ ಆ ಹುಡುಗಿ ಭಾದ್ರಪದದಲ್ಲಿ ಜ್ವರ ಬಂದು ಮಲಗಿದವಳು ಒಂಬತ್ತನೆಯ ದಿನ ಏಳಲಿಲ್ಲ. ಆಡುವವರು ಆಡಿದರು, ಅಳುವವರು ಅತ್ತರು. ಬಾಳವ್ವನ ಕಣ್ಣಿನಿಂದ ಮಾತ್ರ ಒಂದು ಹನಿ ಉದುರಲಿಲ್ಲ. ದಿನಕರ್ಮ ಮುಗಿದ ಮರುದಿನ ಅವಳು ಮಗಳು ಮಲಗುತ್ತಿದ್ದ ಕೋಣೆಯ ಕಿಟಕಿ ಮುಚ್ಚಿ ಅಗಳಿ ಹಾಕಿದಳು.

ತಂಗೆವ್ವ ಹಿತ್ತಲಲ್ಲಿ ಪ್ರತಿವರ್ಷ ಟೊಮೆಟೊ ಹಾಕುತ್ತಿದ್ದಳು. ಚಲೋ ಹಣ್ಣು ಆರಿಸಿ, ಬೀಜ ತೊಳೆದು, ಬೂದಿಯಲ್ಲಿ ಹೊರಳಿಸಿ ಅರಿವೆಯಲ್ಲಿ ಕಟ್ಟಿಡುತ್ತಿದ್ದಳು. ಅವಳ ಕೈಯ ಕಡೆಯ ಗಂಟು ಕಾರ್ತೀಕದಲ್ಲಿ ತಾಯಿಗೆ ಸಿಕ್ಕಿತು. ಹೊರಗೆ ಊರಿದರೆ ಕೋಳಿ ಕೆದರುತ್ತವೆ, ಇಬ್ಬನಿ ಸುಡುತ್ತದೆ ಎಂದು ಹೆದರಿ ಬಾಳವ್ವ ಅಷ್ಟನ್ನೂ ತಗಡಿನ ಡಬ್ಬಿಗಳಲ್ಲಿ ಹಾಕಿ ಅದೇ ಕೋಣೆಯ ನೆಲದ ಮೇಲೆ ಸಾಲಾಗಿ ಇಟ್ಟಳು. ಮೊಳಕೆಯೇನೋ ಬಂತು. ಆದರೆ ತಿಂಗಳಾದರೂ ಸಸಿ ಎರಡೆಲೆ ಬಿಟ್ಟು ಮೂರನೆಯದಕ್ಕೆ ಹೋಗಲಿಲ್ಲ. ಬೆಳಗ್ಗೆ ನೀರು ಹಾಕಿದಳು, ಸಂಜೆ ಹಾಕಿದಳು. ಸಗಣಿ ಕದಡಿ ಸುರಿದಳು. ಹಾಕಿದಷ್ಟೂ ಅವು ಬಿಳಿಚಿಕೊಂಡವು. ಬುಡ ಕರ್ರಗಾಗಿ ಒಂದೊಂದೇ ಮಲಗಿದವು. ಹನ್ನೊಂದು ಉಳಿದಿದ್ದವು.

ಶಿವಯೋಗಿಗಳು ಡಬ್ಬಿಯ ಮಣ್ಣಿಗೆ ಬೆರಳಿಳಿಸಿ ಮೂಸಿ ನೋಡಿದರು. "ಉಳಿದವು ಎಲ್ಲಿ ಅದಾವ ಯವ್ವಾ?"

"ಮನ್ಯಾಗ."

"ನಡಿ, ನೋಡೂಣು."

ಅವರು ಕೈ ತೊಳೆದು ಬರಿಗಾಲಲ್ಲಿಯೇ ಅವಳ ಹಿಂದೆ ಗುಡ್ಡ ಇಳಿದರು. ಮನೆಗೆ ಬಂದ ಪೂಜ್ಯರ ಪಾದಕ್ಕೆ ನೀರು ಹಾಕಬೇಕೆಂಬ ಎಚ್ಚರವೂ ಬಾಳವ್ವನಿಗೆ ಇರಲಿಲ್ಲ. ಅವರು ಅದನ್ನು ಗಮನಿಸಿದಂತೆ ಕಾಣಲಿಲ್ಲ.

ಕೋಣೆ ತಣ್ಣಗಿತ್ತು, ಕತ್ತಲಾಗಿತ್ತು. ಕಿಟಕಿಯ ಸಂದಿನಿಂದ ದಾರದಷ್ಟು ಬೆಳಕು ಒಳಗೆ ಬರುತ್ತಿತ್ತು. ಹಗ್ಗದ ಮೇಲೆ ತಂಗೆವ್ವನ ಸೀರೆ ಹಾಗೆಯೇ ತೂಗುತ್ತಿತ್ತು. ಕಣ್ಣು ಹೊಂದಿಕೊಂಡ ಮೇಲೆ ಶಿವಯೋಗಿಗಳು ಸಸಿಗಳ ಕಡೆ ಕೈ ತೋರಿಸಿದರು.

"ಎಲ್ಲಾವೂ ಎತ್ತ ಬಾಗ್ಯಾವ ನೋಡು."

ಬಾಳವ್ವ ನೋಡಿದಳು. ತಿಂಗಳೊಪ್ಪತ್ತು ದಿನವೂ ಕಂಡಿದ್ದಳು, ಆದರೆ ನೋಡಿರಲಿಲ್ಲ. ಉಳಿದ ಸಸಿಗಳೆಲ್ಲವೂ ಆ ದಾರದಂಥ ಬೆಳಕಿನ ಕಡೆಗೆ ಕತ್ತು ಚಾಚಿದ್ದವು.

"ನೀರು ಹೆಚ್ಚಾಗಿ ಬೇರು ಕೊಳೀತಾವ. ನೆಲ ತಂಪೈತಿ. ಅದೆಲ್ಲಾ ಸರಿ ಮಾಡಬಹುದು," ಎಂದರು ಶಿವಯೋಗಿಗಳು. "ಬೆಳಕಿಲ್ದ ಮಾತ್ರ ಆಗಂಗಿಲ್ಲ. ಕಿಟಕಿ ತೆಗೀಬೇಕು."

ಬಾಳವ್ವ ಓಡಿಹೋಗಿ ಕಿಟಕಿಗೆ ಬೆನ್ನು ಕೊಟ್ಟು ನಿಂತಳು. "ಆಗಂಗಿಲ್ರೀ ಅಜ್ಜಾರ. ಈ ಕೋಣ್ಯಾಗ ನನ್ನ ಮಗಳ ವಾಸನಿ ಐತಿ. ಅಕಿ ಎಣ್ಣಿ ಹಚ್ಚಿದ ತಲಿ ವಾಸನಿ. ನನಗ ಉಳದದ್ದು ಅದೊಂದ. ತೆಗದ್ರ ಅದೂ ಹೋಗತೈತಿ." ಅವಳು ಕೈ ಹಿಂದೆ ಮಾಡಿ ಅಗಳಿಯನ್ನು ಬಿಗಿಯಾಗಿ ಹಿಡಿದಳು. "ನಿಮ್ಮ ದೇವರು ಅಕೀನ್ನ ಒಯ್ದ. ಅಕಿ ಕಟ್ಟಿಟ್ಟ ಬೀಜನೂ ಕೊಳಸಾಕ ಹತ್ತ್ಯಾನ. ಇನ್ನೇನು ಬೇಕಂತ ಅವಂಗ?"

ಬೇರೆ ಯಾರಾದರೂ ಆಗಿದ್ದರೆ ಆತ್ಮಕ್ಕೆ ಸಾವಿಲ್ಲವೆಂದು ಹೇಳುತ್ತಿದ್ದರೇನೋ. ಶಿವಯೋಗಿಗಳು ಹೇಳಿದ್ದು ಇಷ್ಟು: "ಕಿಟಕಿ ನಾ ತೆಗಿಯಂಗಿಲ್ಲ ಯವ್ವಾ. ನಿನಗ ಆಗೂ ತನಕ ನಿನ್ನ ಜೋಡಿ ಇಲ್ಲೇ ಕುಂದರತೀನಿ. ಕೌದಿ ಹೊಲಿಯೂ ದಬ್ಬಣ ಇದ್ರ ಕೊಡು."

ಆ ಮಹಾತ್ಮರು ತಣ್ಣನೆಯ ನೆಲದ ಮೇಲೆಯೇ ಕುಳಿತರು. ಒಂದೊಂದೇ ಡಬ್ಬಿಯನ್ನು ಓರೆಮಾಡಿ, ಸಸಿ ಅಲುಗದಂತೆ ಹಿಡಿದು, ದಬ್ಬಣವನ್ನು ಕಲ್ಲಿನಿಂದ ಮೆಲ್ಲಗೆ ಬಡಿದು ಡಬ್ಬಿಯ ತಳದಲ್ಲಿ ತೂತು ಮಾಡತೊಡಗಿದರು. ನಿಂತ ನೀರು ಕಪ್ಪಗೆ ಬಸಿದು ಹರಿಯಿತು. ಮೂಲೆಯಲ್ಲಿದ್ದ ಹಲಗೆ ಎಳೆದು ಡಬ್ಬಿಗಳನ್ನು ಅದರ ಮೇಲೆ ಇಟ್ಟರು. ಕೆಲಸ ಮುಗಿದ ಮೇಲೂ ಏಳಲಿಲ್ಲ. ಮಧ್ಯಾಹ್ನದ ದಾಸೋಹದ ಹೊತ್ತು ಮೀರಿತು. ಮಠದಿಂದ ಇಬ್ಬರು ಭಕ್ತರು ಹುಡುಕಿಕೊಂಡು ಬಂದರು. ಕೈಸನ್ನೆಯಲ್ಲಿಯೇ ಅವರನ್ನು ಕಳುಹಿಸಿದರು. ನೀರನ್ನೂ ಮುಟ್ಟಲಿಲ್ಲ. ಬಾಳವ್ವ ಕಿಟಕಿಯ ಕೆಳಗೆ ಮೊಣಕಾಲಲ್ಲಿ ಮುಖವಿಟ್ಟು ಕುಳಿತಿದ್ದಳು. ಸೆಟೆದುಕೊಂಡಿದ್ದ ಅವಳ ಹೆಗಲು ಹೊತ್ತು ಹೋದಂತೆ ಇಳಿಯುತ್ತ ಬಂತು.

ಬಿಸಿಲು ಪಡುವಣಕ್ಕೆ ವಾಲುವ ಹೊತ್ತಿಗೆ ಅವಳು ತಲೆಯೆತ್ತಿದಳು.

"ತೆಗದ್ರ ಇವು ಉಳೀತಾವೇನ್ರಿ?"

"ಹೇಳಾಕ ಬರಂಗಿಲ್ಲ. ತೆಗೀದಿದ್ರ ಉಳಿಯಂಗಿಲ್ಲ."

"ವಾಸನಿ?"

"ಹೋಗತೈತಿ ಯವ್ವಾ."

ಸುಳ್ಳು ಸಮಾಧಾನ ಹೇಳದ ಆ ಮಾತು ಅವಳ ಎದೆಗೆ ನಾಟಿತು. ಎದ್ದು ಅಗಳಿ ಸರಿಸಿದಳು. ಮೂರು ತಿಂಗಳು ಮುಚ್ಚಿದ್ದ ಕಿಟಕಿಯ ಕದ ಬಿಗಿದಿತ್ತು; ಎರಡು ಕೈಯಿಂದ ನೂಕಿದಳು. ಬೆಳಕು ಒಮ್ಮೆಲೇ ಒಳಗೆ ನುಗ್ಗಿತು. ಹಗ್ಗದ ಮೇಲಿನ ಸೀರೆಗೆ ಉದ್ದಕ್ಕೂ ಬೂಷ್ಟು ಹಿಡಿದದ್ದು ಆಗ ಕಂಡಿತು. ಬಾಳವ್ವ ಅದನ್ನು ಬಾಚಿ ಮುಖಕ್ಕೆ ಒತ್ತಿಕೊಂಡಳು. ಎಣ್ಣೆಯ ವಾಸನೆ ಇರಲಿಲ್ಲ. ಬರೀ ತೇವದ ವಾಸನೆ, ಕೊಳೆತ ಮಣ್ಣಿನ ವಾಸನೆ. ಮಗಳ ವಾಸನೆ ಎಂದೋ ಹೋಗಿತ್ತು. ಯಾವ ದಿನ ಹೋಯಿತೆಂಬುದೂ ಅವಳಿಗೆ ತಿಳಿಯದಂತೆ ಹೋಗಿತ್ತು. ಅವಳು ಇಷ್ಟು ದಿನ ಕಾಯ್ದುಕೊಂಡದ್ದು ಇಲ್ಲದ್ದನ್ನು.

ಆಗ ಬಾಳವ್ವ ಅತ್ತಳು. ಭಾದ್ರಪದದಲ್ಲಿ ಬಾರದ ಅಳು ಓಣಿಗೆಲ್ಲ ಕೇಳುವಂತೆ ಬಂತು. ಬಾಗಿಲಲ್ಲಿ ಬಂದು ನಿಂತ ನೆರೆಯವರು ಶಿವಯೋಗಿಗಳ ಕಣ್ಣಿನಿಂದಲೂ ನೀರು ಇಳಿಯುವುದನ್ನು ಕಂಡರು. ಅವರು ಅದನ್ನು ಒರೆಸಿಕೊಳ್ಳಲಿಲ್ಲ, ಅವಳಿಗೆ ಸುಮ್ಮನಾಗು ಎನ್ನಲೂ ಇಲ್ಲ. ಅಳು ತಾನಾಗಿ ನಿಂತ ಮೇಲೆ ಎದ್ದು, "ಮೊದಲ ದಿನ ಮುಂಜಾನಿ ಎಳಿ ಬಿಸಲಾಗ ಸ್ವಲ್ಪ ಹೊತ್ತಷ್ಟ ಇಡು. ಮಣ್ಣು ಒಣಗಿದ ಮ್ಯಾಲ ನೀರು," ಎಂದು ಹೇಳಿ ಹೊರಟರು. ಬಾಳವ್ವ ಅಂದು ಅವರ ಪಾದ ಮುಟ್ಟಿದಳು.

ಹನ್ನೊಂದರಲ್ಲಿ ಎಂಟು ಸತ್ತವು. ಮೂರು ಉಳಿದು, ತಡವಾಗಿ ಬೆಳೆದು, ಬೇಸಿಗೆಯಲ್ಲಿ ಕಾಯಿ ಕಟ್ಟಿದವು. ಆಮೇಲೆ ಪ್ರತಿವರ್ಷ ಮಠದ ಮಡಿಗಳಿಗೆ ಟೊಮೆಟೊ ಸಸಿ ಬಾಳವ್ವನ ಮನೆಯಿಂದಲೇ ಬರತೊಡಗಿದವು. ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಅವಳು ಹೋಗಿ ಆ ಮನೆಯ ಹೆಣ್ಣುಮಕ್ಕಳ ಪಕ್ಕದಲ್ಲಿ ಮಾತಿಲ್ಲದೆ ದಿನವಿಡೀ ಕುಳಿತು ಬರುತ್ತಿದ್ದಳು.

ಪೂಜ್ಯರು ಲಿಂಗೈಕ್ಯರಾದ ಬಳಿಕ, ಅವರ ಮಹಿಮೆ ಹೇಳು, ಬರೆದಿಡುತ್ತೇವೆ ಎಂದು ಭಕ್ತರು ಮುಪ್ಪಿನ ಬಾಳವ್ವನನ್ನು ಕೇಳುತ್ತಿದ್ದರು. ಅವಳು ಪ್ರತಿಸಲವೂ ಒಂದೇ ಮಾತು ಹೇಳುತ್ತಿದ್ದಳು.

"ಅಜ್ಜಾರು ನನ್ನ ದುಃಖ ಕಳದ್ರು ಅಂತ ಬರೀಬ್ಯಾಡ್ರಿ. ಅದು ಇನ್ನೂ ಐತಿ. ಊರ ಮಂದಿ ಬಂದ್ರು, ಮಾತಾಡಿದ್ರು, ಎದ್ದು ಹ್ವಾದ್ರು. ಅವರೊಬ್ಬರು ಕುಂತ್ರು."